ಸುಣ್ಣದ ಮೇಲಿನ ಕೆಂಪು

ಗೂಟ ಮತ್ತೆ ಸರಿದಿತ್ತು.

ವಾರಿಜಾ ಟೇಪನ್ನು ಎರಡನೆಯ ಸಲ ಹಿಡಿದು ನೋಡಿದಳು. ನಿನ್ನೆ ಸಂಜೆ ಪೂರ್ವದ ಕಾಂಪೌಂಡ್ ಗೋಡೆಯಿಂದ ಮೊದಲ ಗೂಟಕ್ಕೆ ಎರಡು ಅಡಿ ಇತ್ತು. ಇವತ್ತು ಬೆಳಿಗ್ಗೆ ಮೂರೂವರೆ. ನಾಲ್ಕು ಗೂಟಗಳೂ ದಾರದ ಸಮೇತ, ಒಂದಿಷ್ಟೂ ಸೊಟ್ಟಗಾಗದೆ, ಪಶ್ಚಿಮಕ್ಕೆ ಒಂದೂವರೆ ಅಡಿ ನಡೆದುಹೋಗಿದ್ದವು. ನಾಯಿ ಎಳೆದಿದ್ದರೆ ಒಂದು ಗೂಟ ಬೀಳಬೇಕಿತ್ತು, ದಾರ ಹರಿಯಬೇಕಿತ್ತು. ನಾಯಿಗೆ ಲಂಬಕೋನ ಗೊತ್ತಿರುವುದಿಲ್ಲ.

ಅವಳು ನೋಟ್‌ಪುಸ್ತಕ ತೆರೆದು ತಾರೀಕು, ಗಂಟೆ, ಅಳತೆ ಬರೆದಳು. ಕೆಳಗೆ, ‘ಎರಡನೆಯ ಸಲ’ ಎಂದು ಸೇರಿಸಿದಳು. ಮುಂಬಯಿಯ ಭಾಂಡುಪಿನ ಬಣ್ಣದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳಿಗೆ ಅದೊಂದು ಚಾಳಿಯಾಗಿಬಿಟ್ಟಿತ್ತು. ಅಳೆಯದೆ ನಂಬುತ್ತಿರಲಿಲ್ಲ, ಅಳೆದದ್ದನ್ನು ಬರೆದಿಡದೆ ಬಿಡುತ್ತಿರಲಿಲ್ಲ. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಕೈಗೆ ಬಂದದ್ದು ದೋಸೆ ಹಿಟ್ಟು. ಘಾಟ್ಕೋಪರಿನ ಆ ಗಲ್ಲಿಯಲ್ಲಿ ಕಟಪಾಡಿಯ ವಾರಿಜಕ್ಕನ ಹಿಟ್ಟೆಂದರೆ ಗುಜರಾತಿ ಮನೆಗಳಲ್ಲೂ ಹೆಸರು. ದಿನಕ್ಕೆ ನಲವತ್ತು ಕಿಲೋ ಹೋಗುತ್ತಿತ್ತು. ಉದ್ದು ಎಷ್ಟು ಹೊತ್ತು ನೆನೆಯಿತು, ಅಡುಗೆಮನೆಯ ಉಷ್ಣತೆ ಎಷ್ಟಿತ್ತು, ಹಿಟ್ಟು ಹುಳಿಯಾಗಲು ಎಷ್ಟು ತಾಸು ಬೇಕಾಯಿತು ಎಲ್ಲವೂ ಅದೇ ಪುಸ್ತಕದಲ್ಲಿತ್ತು.

ಈಗ ಆ ಹಿಟ್ಟಿಗೇ ಸಂಚಕಾರ ಬಂದಿತ್ತು. ಗ್ರೈಂಡರಿನ ಅದುರುವಿಕೆಯಿಂದ ಹಳೆಯ ಕಟ್ಟಡಕ್ಕೆ ಧಕ್ಕೆಯಾಗುತ್ತಿದೆ, ಮೂವತ್ತನೇ ತಾರೀಕಿನೊಳಗೆ ಅದನ್ನು ಫ್ಲ್ಯಾಟಿನಿಂದ ಹೊರಗೆ ಸಾಗಿಸಬೇಕು, ಇಲ್ಲವಾದರೆ ವ್ಯವಹಾರ ನಿಲ್ಲಿಸಬೇಕು ಎಂದು ಸೊಸೈಟಿಯ ನೋಟೀಸು. ಫ್ಲ್ಯಾಟು ನೆಲಮಹಡಿಯದು, ಹಿಂದೆ ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ತುಂಡು ಹಿತ್ತಲಿತ್ತು. ಅಲ್ಲಿ ಎಂಟಡಿ ಉದ್ದ ಆರಡಿ ಅಗಲದ ತಗಡಿನ ಶೆಡ್ಡು ಹಾಕಿಕೊಳ್ಳಲು ಕಮಿಟಿಯವರೇ ಒಪ್ಪಿದ್ದರು. ನೋಟೀಸಿಗೂ ಒಪ್ಪಿಗೆಗೂ ಸಹಿ ಮಾಡಿದವನು ಸೆಕ್ರೆಟರಿ ಬಸವಂತಪ್ಪ. ವಿಜಯಪುರದ ಕಡೆಯವನು, ಬ್ಯಾಂಕಿನಿಂದ ನಿವೃತ್ತನಾದವನು, ವಾರಿಜಾಳ ತಲೆಯ ಮೇಲೆ ಮೊದಲ ಮಹಡಿಯಲ್ಲಿ ವಾಸ.

ಒಪ್ಪಿಗೆಯ ಕಾಗದ ಕೊಡುವಾಗಲೇ ಅವನು ಹಿತ್ತಲಿಗೆ ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಒಂದು ಮಾತು ಹೇಳಿದ್ದ.

“ಬಾಯಾರ, ಶೆಡ್ಡು ಹಾಕೋದಿದ್ರ ಆ ಪಶ್ಚಿಮದ ಕಡೆ ಹಾಕ್ರಿ. ಈ ಕಡೆ ಬ್ಯಾಡ.”

“ಯಾಕೆ?”

“ಯಾಕ ಅಂದ್ರ... ಗಾಳಿ ಛಲೋ ಬರ್ತದ್ರಿ ಅಲ್ಲಿ.”

“ಗ್ರೈಂಡರಿಗೆ ಗಾಳಿ ಎಂತಕ್ಕೆ?”

ಬಸವಂತಪ್ಪ ಕೆಮ್ಮಿದ. ಮೆಟ್ಟಿಲು ಹತ್ತಿದ.

ಅಂದೇ ವಾರಿಜಾ ಸೊಸೈಟಿಯ ಹಳೆಯ ನಕ್ಷೆಯ ಪ್ರತಿ ತರಿಸಿಕೊಂಡಳು. ೧೯೮೭ರದ್ದು. ಅದರಲ್ಲಿ ಗಟರ್ ಲೈನು ತುಂಡುಗೆರೆಗಳಲ್ಲಿ ಸ್ಪಷ್ಟವಾಗಿತ್ತು. ಮೇಲಿನ ಮನೆಗಳ ಬಚ್ಚಲ ಪೈಪು ಕಟ್ಟಡದ ಮೂಲೆಯಲ್ಲಿ ನೆಲಕ್ಕಿಳಿದು, ಮುಚ್ಚಳದ ತೊಟ್ಟಿಯಂಥ ಒಂದು ಚೇಂಬರಿಗೆ ಬಂದು, ಅಲ್ಲಿಂದ ನೇರ ಪಶ್ಚಿಮಕ್ಕೆ ಹೋಗಿ ರಸ್ತೆ ಸೇರುತ್ತಿತ್ತು. ಪಶ್ಚಿಮಕ್ಕೆ, ಎಂದರೆ ಬಸವಂತಪ್ಪ ಶೆಡ್ಡು ಹಾಕು ಎಂದು ತೋರಿಸಿದ ಜಾಗದ ಅಡಿಯಲ್ಲಿ. ಗಟರ್ ಲೈನಿನ ಮೇಲೆ ಏನಾದರೂ ಕಟ್ಟಿದರೆ ಒಂದು ಅರ್ಜಿ ಸಾಕು, ಮುನಿಸಿಪಾಲಿಟಿಯವರು ಬಂದು ಕೆಡವಿ ಹಾಕುತ್ತಾರೆ. ಪಕ್ಕದ ಗಲ್ಲಿಯಲ್ಲಿ ಒಬ್ಬರ ಸ್ಕೂಟರ್ ಶೆಡ್ಡು ಅರ್ಧ ತಾಸಿನಲ್ಲಿ ನೆಲಸಮವಾದದ್ದನ್ನು ಅವಳೇ ನೋಡಿದ್ದಳು. ಹಾಗಾದರೆ ಸೆಕ್ರೆಟರಿಯ ಲೆಕ್ಕಾಚಾರ ಇಷ್ಟೇ. ಮೊದಲು ಗ್ರೈಂಡರನ್ನು ಮನೆಯಿಂದ ಹೊರಗೆ ಹಾಕಿಸುವುದು, ಆಮೇಲೆ ಶೆಡ್ಡನ್ನು ಕೆಡವಿಸುವುದು.

ಈಗ ಗೂಟಗಳೂ ಅದೇ ದಿಕ್ಕಿಗೆ ಹೊರಟಿದ್ದವು.

“ಅಮ್ಮಾ, ಸಿಸಿಟಿವಿ ಲಗಾ ದೋ ನಾ,” ಎಂದಳು ಮಗಳು ಯಕ್ಷಿತಾ, ಕಾಲೇಜಿಗೆ ಹೊರಟವಳು ಅಡುಗೆಮನೆಯ ಕಿಟಕಿಯಲ್ಲಿ ತಲೆ ಹಾಕಿ. “ನೀನು ಫುಲ್ ಡಿಟೆಕ್ಟಿವ್ ಆಗ್ಬಿಟ್ಟಿದ್ದಿ.”

“ನಾಲ್ಕು ಗೂಟ ಕಾಯಲಿಕ್ಕೆ ಕ್ಯಾಮೆರಾವಾ? ಹೋಗು, ನಿನ್ನ ಟ್ರೇನು ತಪ್ತದೆ.”

ಗಂಡ ಚೆನ್ನಯನಿಗೆ ಮೊದಲ ಸಲ ಗೂಟ ಸರಿದಾಗಲೇ ಹೇಳಿದ್ದಳು. ಅವನು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಸೂಪರ್‌ವೈಸರ್. ಕೋರ್ಟು ಕಚೇರಿಗಳ ಜನ ನಾಷ್ಟಾಕ್ಕೆ ಬರುವ ಮೊದಲೇ ಗಲ್ಲೆಯ ಹತ್ತಿರ ಇರಬೇಕು. ಆದ್ದರಿಂದ ಬೆಳಗಿನ ಐದೂ ಇಪ್ಪತ್ತರ ಲೋಕಲ್ ಹಿಡಿಯುತ್ತಿದ್ದ. ಅವನ ಉತ್ತರ ಎಂದಿನಂತೆ ಇತ್ತು.

“ಅವರು ಹೇಳಿದ ಕಡೆಯೇ ಹಾಕುವ ಮಾರಾಯ್ತಿ. ಸುಮ್ಮನೆ ಜಗಳ ಯಾಕೆ?”

“ಅಲ್ಲಿ ಗಟರ್ ಲೈನುಂಟು. ನಕ್ಷೆ ನೋಡಿ ಬೇಕಾದರೆ.”

“ನಕ್ಷೆ ಬಿಡು. ಕಾಗದದಲ್ಲಿ ಸಾವಿರ ಬರೆದಿರ್ತಾರೆ.”

ಅವಳಿಗೆ ಸಿಟ್ಟು ಬಂದಿತ್ತು. ಗಿರಾಕಿಗಳ ಮುಂದೆ ಮೂವತ್ತು ವರ್ಷ ತಗ್ಗಿ ಬಗ್ಗಿ ನಿಂತವರು ಸೆಕ್ರೆಟರಿಯ ಮುಂದೆಯೂ ತಗ್ಗುತ್ತಾರೆ ಎಂದುಕೊಂಡಿದ್ದಳು.

ಗೂಟಗಳನ್ನು ಅವಳು ಪುನಃ ಮೊದಲಿನ ಜಾಗಕ್ಕೆ ಹೊಡೆದಳು. ಇನ್ನೊಂದು ದಿನ ಬಿಟ್ಟರೆ ಇನ್ನೊಂದೂವರೆ ಅಡಿ ಹೋದೀತು. ಅಂದೇ ಮೇಸ್ತ್ರಿ ಶರಣನನ್ನು ಕರೆಸಿದಳು. ಕಲಬುರಗಿಯ ಕಡೆಯವನು, ಮಾತು ಕಡಿಮೆ, ಕೆಲಸ ಚೊಕ್ಕ. ಸಂಜೆಯೊಳಗೆ ಗೂಟದ ಗುಂಟ ಎರಡಡಿ ಆಳದ ಪಾಯ ತೋಡಿ ಮುಗಿಸಿದ.

“ಅಕ್ಕಾರ, ಈ ಮೂಲ್ಯಾಗ ತಳ ಯಾಕೋ ಹಸಿ ಐತ್ರಿ,” ಎಂದ ಪಾಯದೊಳಗಿಂದಲೇ.

“ಮೊನ್ನೆ ಇಲ್ಲೇ ಅಕ್ಕಿ ಚೀಲ ತೊಳೆದಿದ್ದೆ. ಅದೇ ಇಳಿದಿರಬೇಕು.”

“ಇರ್ಲಿ ಬಿಡ್ರಿ. ಸುಣ್ಣ ಹೊಡದು ಹೋಗ್ತೀನಿ. ನಾಳೆ ಕಲ್ಲು ಕೂಡಿಸೋಣು.”

ಒಂದು ಚೀಲ ಸುಣ್ಣದ ಪುಡಿಯನ್ನು ತಳದ ಉದ್ದಕ್ಕೂ ಉದುರಿಸಿ ಅವನು ಹೋದ. ಕತ್ತಲಾಗುವ ಮುಂಚೆ ಬಂದು ನೋಡಿದರೆ ಪಾಯ ಚೌಕಾಕಾರದ ಬಿಳಿ ರಂಗೋಲಿಯ ಹಾಗೆ ಕಾಣುತ್ತಿತ್ತು. ವಾರಿಜಾಳಿಗೆ ಮೊದಲ ಬಾರಿ ಶೆಡ್ಡು ಕಣ್ಣಿಗೆ ಕಟ್ಟಿತು. ಗ್ರೈಂಡರು ಇಲ್ಲಿ, ಅಕ್ಕಿಯ ಡ್ರಮ್ಮು ಅಲ್ಲಿ, ನಲ್ಲಿ ಆ ಗೋಡೆಗೆ.

ಮರುದಿನ ಶರಣ ಬಂದಾಗ ಹನ್ನೊಂದಾಗಿತ್ತು. ಕಲ್ಲಿನ ಬುಟ್ಟಿ ಇಳಿಸಿ ಪಾಯದ ಹತ್ತಿರ ಹೋದವನು ಅಲ್ಲೇ ನಿಂತ.

“ಅಕ್ಕಾರ. ಸ್ವಲ್ಪ ಬರ್ರಿ ಇಲ್ಲಿ.”

ಬಿಳಿ ಸುಣ್ಣದ ಮೇಲೆ, ಕಟ್ಟಡದ ಕಡೆಯ ಮೂಲೆಯಲ್ಲಿ, ಅಂಗೈ ಅಗಲದ ನಾಲ್ಕೈದು ಕೆಂಪು ಕಲೆಗಳಿದ್ದವು. ಸಾಧಾರಣ ಕೆಂಪಲ್ಲ. ಆಗಷ್ಟೇ ಕುಯ್ದ ಹಾಗೆ ಹಸಿ ಕೆಂಪು.

“ಇದು ಮಾಡಿಸಿದ್ದು,” ಎಂದ ಶರಣ.

“ಎಂತ ಮಾಡಿಸಿದ್ದು?”

“ಮಾಟ ರಿ. ಪಾಯದಾಗ ಕೆಂಪು ಹಾಕ್ಯಾರ. ನಾ ಇದರಾಗ ಕೈ ಇಡಂಗಿಲ್ಲ.”

“ನೀನು ಇಷ್ಟು ಕಟ್ಟಡ ಕಟ್ಟಿದವ. ಇದಕ್ಕೆ ಹೆದರ್ತೀಯಾ?”

“ಕಟ್ಟಡಕ್ಕ ಹೆದರಂಗಿಲ್ರಿ. ಕಟ್ಟಿಸಿದವರ ವೈರಿಗೆ ಹೆದರ್ತೀನಿ. ಮನ್ಯಾಗ ಸಣ್ಣ ಕೂಸೈತಿ ನಂದು.”

ಸನಿಕೆ, ಪುಟ್ಟಿ, ತೂಗುಗುಂಡು ಎಲ್ಲ ಚೀಲಕ್ಕೆ ತುಂಬಿಕೊಂಡು ಹೊರಟೇಹೋದ. ಮೂವತ್ತನೇ ತಾರೀಕಿಗೆ ಒಂಬತ್ತು ದಿನ ಉಳಿದಿದ್ದವು.

ವಾರಿಜಾ ತಲೆಯೆತ್ತಿ ನೋಡಿದಳು. ಪಾಯದ ನೇರ ಮೇಲೆ ಬಸವಂತಪ್ಪನ ಮನೆಯ ಕಿಟಕಿ. ಅದರ ಸರಳುಗಳಲ್ಲಿ ಹಸುಗೂಸಿನ ಬಟ್ಟೆಗಳು ಒಣಗುತ್ತಿದ್ದವು. ಅವನ ಮಗಳು ಸೋನಾಲಿ ಹೆರಿಗೆಗೆ ತವರಿಗೆ ಬಂದು, ಹೆತ್ತು, ಆಸ್ಪತ್ರೆಯಿಂದ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಬಟ್ಟೆಗಳ ಸಂದಿನಲ್ಲಿ ಬಸವಂತಪ್ಪನ ಹೆಂಡತಿ ರಾಚವ್ವನ ಸೆರಗು ಕಂಡು ಮರೆಯಾಯಿತು. ಕಿಟಕಿಯಿಂದ ಒಂದು ಮುಷ್ಟಿ ಕುಂಕುಮ ಎಸೆಯುವುದಕ್ಕೆ ಎಷ್ಟು ಹೊತ್ತು? ಮಾಟ ಮಂತ್ರ ಅವಳು ನಂಬುವವಳಲ್ಲ. ಆದರೆ ನಂಬುವವರನ್ನು ಅದರಿಂದ ಓಡಿಸಬಹುದು ಎಂಬುದನ್ನು ನಂಬುತ್ತಿದ್ದಳು. ಗಂಡ ನೋಟೀಸು ಕೊಡುತ್ತಾನೆ, ಹೆಂಡತಿ ಕುಂಕುಮ ಎಸೆಯುತ್ತಾಳೆ, ಯಾರೋ ಒಬ್ಬರು ಇಳಿದು ಬಂದು ಗೂಟ ಸರಿಸುತ್ತಾರೆ. ಒಂದು ಮನೆಗೆ ಇಷ್ಟು ಕೆಲಸ ಸಾಕು.

ಆದರೂ ಅಳೆಯದೆ ನಂಬಬಾರದು.

ಕೆಂಪು ಮಣ್ಣನ್ನು ಚಮಚದಲ್ಲಿ ಕೆರೆದು ಗಾಜಿನ ಲೋಟದ ನೀರಿಗೆ ಹಾಕಿದಳು. ಇನ್ನೊಂದು ಲೋಟದಲ್ಲಿ ದೇವರ ಮುಂದಿನ ಕುಂಕುಮ ಕದಡಿದಳು. ಎರಡಕ್ಕೂ ಲಿಂಬೆಹಣ್ಣು ಹಿಂಡಿದಳು. ಅಂಗಡಿಯ ಕುಂಕುಮ ಕೆಂಪಗೆ ಹಾಗೇ ಉಳಿಯಿತು. ಪಾಯದ ನೀರು ನೋಡುತ್ತಿದ್ದಂತೆ ಕೆಂಪು ಕಳೆದುಕೊಂಡು ಅರಿಶಿನ ಹಳದಿಗೆ ತಿರುಗಿತು. ಪಿಯುಸಿಯ ಮಕ್ಕಳಿಗೂ ಗೊತ್ತಿರುವ ಸಂಗತಿ: ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪು, ಹುಳಿ ತಾಗಿದರೆ ಮತ್ತೆ ಹಳದಿ. ಆರತಿ ತಟ್ಟೆಯಲ್ಲಿ ಅವಳ ಅಜ್ಜಿಯೂ ಮಾಡುತ್ತಿದ್ದದ್ದು ಅದೇ. ಹಾಗಾದರೆ ಎಸೆದದ್ದು ಕುಂಕುಮವಲ್ಲ, ಅರಿಶಿನ. ಎಸೆದವರು ಯಾರು ಎಂಬ ಪ್ರಶ್ನೆ ಮಾತ್ರ ಅಲ್ಲೇ ಉಳಿಯಿತು.

ಅಂದು ಸಂಜೆ ಅವಳು ಕೆಂಪಾದ ಸುಣ್ಣವನ್ನು ಕೆರೆದು ತೆಗೆದು ಹೊಸ ಪುಡಿ ಉದುರಿಸಿದಳು. ಗಣೇಶೋತ್ಸವದ ಒಂದು ಹಳೆಯ ಫ್ಲೆಕ್ಸ್ ಬ್ಯಾನರನ್ನು ಪಾಯದ ಮೇಲೆ ಪೂರ್ತಿ ಹಾಸಿ, ಅಂಚಿಗೆ ಇಟ್ಟಿಗೆ ಹೇರಿದಳು. ಇಟ್ಟಿಗೆಗಳ ಹೊರಗೆ ಸುತ್ತಲೂ ಅಕ್ಕಿ ಹಿಟ್ಟಿನ ಸಣ್ಣ ಗೆರೆ ಎಳೆದಳು. ಯಾರೇ ಬಂದು ಬ್ಯಾನರು ಎತ್ತಲಿ, ಗೆರೆ ಮುರಿಯಲೇಬೇಕು.

ಮರುದಿನ ಬೆಳಿಗ್ಗೆ ಎಂಟಕ್ಕೆ ಗೆರೆ ಅಖಂಡವಾಗಿತ್ತು. ಎತ್ತಿ ನೋಡಿದಳು, ಸುಣ್ಣ ಬಿಳಿಯಾಗಿತ್ತು. ಮತ್ತೆ ಮುಚ್ಚಿ, ಗೆರೆ ತಿದ್ದಿ, ಪಕ್ಕದಲ್ಲೇ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಮೆಂತ್ಯೆ ಆರಿಸುತ್ತ ಕೂತಳು. ಹನ್ನೊಂದಕ್ಕೆ ಗೆರೆ ಹಾಗೇ ಇತ್ತು. ಮೇಲಿನಿಂದ ಏನೂ ಬಿದ್ದಿರಲಿಲ್ಲ. ಇಟ್ಟಿಗೆ ಸರಿಸಿ ಬ್ಯಾನರು ಎತ್ತಿದಳು.

ಮೂಲೆ ಕೆಂಪಾಗಿತ್ತು.

ಅವಳು ಸ್ಟೂಲಿನ ಮೇಲೆ ಮತ್ತೆ ಕೂತಳು. ಮೇಲಿನಿಂದ ಬರದ ಮೇಲೆ ಕೆಳಗಿನಿಂದಲೇ ಬರಬೇಕು. ಆದರೆ ಇಲ್ಲಿ ಕೆಳಗೆ ಏನೂ ಇಲ್ಲ. ನಕ್ಷೆಯ ಪ್ರಕಾರ ಗಟರ್ ಲೈನು ಹನ್ನೆರಡು ಅಡಿ ಆಚೆ, ಪಶ್ಚಿಮಕ್ಕೆ.

ಮೂರನೆಯ ದಿನ ಅವಳು ಬ್ಯಾನರು ಹಾಕಲೇ ಇಲ್ಲ. ಹತ್ತು ಗಂಟೆಗೆ ಪಾಯದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಆ ಮೂಲೆಯ ಮೇಲೆ ಕಣ್ಣಿಟ್ಟಳು. ಹತ್ತೂ ಹತ್ತಕ್ಕೆ ಮೇಲಿನ ಬಚ್ಚಲಿನಲ್ಲಿ ನೀರು ಧುಮುಕುವ ಸದ್ದು ಶುರುವಾಯಿತು. ರಾಚವ್ವನ ದನಿ ಸಣ್ಣ ಜಾಲಂಧ್ರದಿಂದ ಇಳಿದು ಬಂತು.

“ಬೆನ್ನು ಬಗ್ಗಸಬೇ. ಸುಡು ನೀರೇ ಬೀಳಬೇಕು ನಡಕ್ಕ. ಅರಿಷಿಣ ಇನ್ನೂ ಹೋಗಿಲ್ಲ ನೋಡು.”

ಹತ್ತೂ ಹದಿನೇಳಕ್ಕೆ ಪಾಯದ ಮೂಲೆಯ ಮಣ್ಣು ಕಪ್ಪಾಯಿತು. ಒಂದು ಬೆರಳಗಲದ ನೀರು ಜಿನುಗಿತು. ಮೇಲೆ ಎಣ್ಣೆಯ ಪೊರೆ, ಬಿಸಿಲಿಗೆ ಕಾಮನಬಿಲ್ಲಿನ ಬಣ್ಣ. ಸುಣ್ಣ ತಾಗಿದ ಕಡೆ ಆ ಹಳದಿ ನೀರು ಒಂದೇ ಕ್ಷಣದಲ್ಲಿ ಕೆಂಪಾಯಿತು.

ಎಣ್ಣೆ, ಅರಿಶಿನ, ಸುಡು ನೀರು. ಬಾಣಂತಿಯ ಸ್ನಾನ. ಇಪ್ಪತ್ತು ವರ್ಷದ ಹಿಂದೆ ಕಟಪಾಡಿಯಲ್ಲಿ ತಾಯಿ ತನಗೆ ಎರೆದ ನೀರಿನ ಬಿಸಿ ಅವಳ ಬೆನ್ನಿಗೆ ನೆನಪಾಯಿತು. ಏಳು ನಿಮಿಷ ಎಂದು ಬರೆದಿಟ್ಟಳು. ಮಾಟ ಮಾಡಿದವರು ಯಾರೂ ಇರಲಿಲ್ಲ. ಮೇಲಿನ ಬಚ್ಚಲ ನೀರು ಅವಳ ಪಾಯಕ್ಕೆ ಬರುತ್ತಿತ್ತು. ಬರಬಾರದ ದಾರಿಯಿಂದ ಬರುತ್ತಿತ್ತು. ನಕ್ಷೆ ಸುಳ್ಳಾಗಿತ್ತು. ಇಲ್ಲವೇ ನಕ್ಷೆಯಾದ ಮೇಲೆ ಯಾರೋ ನೆಲದೊಳಗೆ ಪೈಪನ್ನೇ ತಿರುಗಿಸಿದ್ದರು.

ಮಧ್ಯಾಹ್ನ ಕೂಸಿನ ತಲೆಗೆಂದು ಒಂದು ಕುಲಾಯಿ ಕೊಂಡು ಮೊದಲ ಮಹಡಿಗೆ ಹತ್ತಿದಳು.

ರಾಚವ್ವ ಬಾಗಿಲಲ್ಲೇ ಕೈಹಿಡಿದು ಒಳಗೆ ಕರೆದಳು. “ಬರ್ರಿ ವಾರಿಜಾಬಾಯಿ. ಕೆಳಗ ಇದ್ದವ್ರು ಮ್ಯಾಲ ಬರಾಕ ಆರು ದಿನ ಬೇಕಾತಲ್ಲ ನಿಮಗ. ಕೂಸು ನೋಡ್ರಿ, ಥೇಟ್ ಅವರ ಅಜ್ಜನ ಮೂಗು, ಪಾಪ.”

ಅಜ್ಜ ಆರಾಮ ಕುರ್ಚಿಯಲ್ಲಿ ಪೇಪರಿನ ಹಿಂದೆ ಇದ್ದ. ವಾರಿಜಾ ಕೂಸನ್ನು ನೋಡಿದಳು, ಕುಲಾಯಿ ಕೊಟ್ಟಳು, ಬಾಣಂತಿಗೆಂದು ಕಟ್ಟಿದ ಅಂಟಿನುಂಡಿ ತಿಂದಳು. ಆಮೇಲೆ ನೋಟ್‌ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು.

“ರಾಚವ್ವ, ನೀವು ಮಗಳಿಗೆ ಎರೆದ ನೀರು ಏಳು ನಿಮಿಷಕ್ಕೆ ನನ್ನ ಪಾಯಕ್ಕೆ ಬರ್ತದೆ.”

ಪೇಪರು ಅಲುಗಲಿಲ್ಲ.

“ಹಂಗಂದ್ರ?” ಎಂದಳು ರಾಚವ್ವ.

“ನಿಮ್ಮ ಬಚ್ಚಲ ಪೈಪು ಪಶ್ಚಿಮಕ್ಕೆ ಹೋಗ್ತಾ ಇಲ್ಲ. ಪೂರ್ವಕ್ಕೆ ಹೋಗ್ತಾ ಉಂಟು. ನನ್ನ ಶೆಡ್ಡಿನ ಅಡಿಯಲ್ಲಿ. ಅದು ಸೋರ್ತಾನೂ ಉಂಟು. ಸೆಕ್ರೆಟರಿಯವರಿಗೆ ಗೊತ್ತಿತ್ತೋ ಏನೋ ಕೇಳುವ ಅಂತ ಬಂದೆ.”

ಬಸವಂತಪ್ಪ ಪೇಪರು ಮಡಚಿದ. ನಾಲ್ಕು ಮಡಿಕೆ ಮಾಡಿ, ಐದನೆಯದನ್ನೂ ಮಾಡಿದ.

“ಆ ಕಡೆ ಬ್ಯಾಡ ಅಂತ ಮೊದಲಽ ಹೇಳಿದ್ನಲ್ರಿ.”

“ಗಾಳಿ ಬರ್ತದೆ ಅಂದಿರಿ. ಗಟರು ಬರ್ತದೆ ಅನ್ನಲಿಲ್ಲ.”

“ಹೇಳಿಬಿಡ್ರಿ ಅತ್ಲಾಗ,” ಎಂದಳು ರಾಚವ್ವ, ಕೂಸನ್ನು ಮಡಿಲಲ್ಲಿ ತಟ್ಟುತ್ತ. “ಇಪ್ಪತ್ತು ವರ್ಷ ಆತು ಹೊಟ್ಯಾಗ ಇಟ್ಕೊಂಡು. ನಿಮ್ಮ ಗ್ಯಾಸಿಗೆ ಅದೇ ಕಾರಣ.”

ಬಸವಂತಪ್ಪ ಹೆಂಡತಿಯನ್ನು ನೋಡಿದ, ವಾರಿಜಾಳನ್ನು ನೋಡಲಿಲ್ಲ. “ನಿಮ್ಮ ಯಜಮಾನ್ರನ್ನ ಕೇಳ್ರಿ ಬಾಯಾರ. ಅದು ನನ್ನ ಬಾಯಾಗ ಬಂದ್ರ ಛಲೋ ಕಾಣಂಗಿಲ್ಲ.”

ಇಳಿಯುವಾಗ ವಾರಿಜಾ ಮೆಟ್ಟಿಲ ತಿರುವಿನಲ್ಲಿ ನಿಂತುಬಿಟ್ಟಳು. ಇಪ್ಪತ್ತು ವರ್ಷ. ಯಕ್ಷಿತಾಳಿಗೆ ಇಪ್ಪತ್ತು. ಆ ವರ್ಷ ಅವಳು ಹೆರಿಗೆಗೆ ಊರಿಗೆ ಹೋಗಿ ಐದು ತಿಂಗಳು ಕಟಪಾಡಿಯಲ್ಲಿದ್ದಳು. ಕೂಸನ್ನೆತ್ತಿಕೊಂಡು ಮುಂಬಯಿಗೆ ಬಂದಾಗ ಅಡುಗೆಮನೆ ನಾಲ್ಕಡಿ ಹಿಂದಕ್ಕೆ ಬೆಳೆದಿತ್ತು. ಹೊಸ ಕಡಪಾ ಕಲ್ಲಿನ ಕಟ್ಟೆ, ಹೊಸ ಟೈಲ್ಸು, ಹಿತ್ತಲಿಗೆ ತೆರೆಯುವ ಕಿಟಕಿ. ‘ಎರಡು ಜನ ನಿಲ್ಲಲಿಕ್ಕಾಗ್ತಿರಲಿಲ್ಲ ಅಂತಿದ್ದೆಯಲ್ಲ,’ ಎಂದಿದ್ದ ಚೆನ್ನಯ. ಬಂದ ನೆಂಟರಿಗೆಲ್ಲ ಅವಳು ಆ ಅಡುಗೆಮನೆ ತೋರಿಸಿದ್ದಳು. ಗಂಡಸರು ಬಾಣಂತಿಗೆ ಸೀರೆ ತರುತ್ತಾರೆ, ಇವರು ನಾಲ್ಕಡಿ ಜಾಗ ತಂದರು ಎಂದು ಹೇಳಿಕೊಂಡು ತಿರುಗಿದ್ದಳು. ಆ ನಾಲ್ಕಡಿಯ ಮೇಲೆಯೇ ಗ್ರೈಂಡರು ನಿಂತಿತ್ತು.

ಮನೆಗೆ ಬಂದು ನಕ್ಷೆ ಬಿಡಿಸಿ, ಸ್ಕೇಲು ಹಿಡಿದಳು. ಹಳೆಯ ಗೋಡೆಯಿಂದ ಚೇಂಬರಿಗೆ ಎರಡೂವರೆ ಅಡಿ. ಅಡುಗೆಮನೆಗೆ ಹೋಗಿ ಹಳೆಯ ಗೋಡೆ ನಿಂತಿದ್ದ ಕಡೆಯ ತೊಲೆಯ ಗುರುತಿನಿಂದ ಎರಡೂವರೆ ಅಡಿ ಅಳೆದಳು. ಟೇಪಿನ ತುದಿ ಗ್ರೈಂಡರಿನ ಕಾಲಿಗೆ ತಾಗಿತು.

ಚೆನ್ನಯ ಆರಕ್ಕೆ ಬಂದ. ಚೀಲ ಇಳಿಸುವ ಮೊದಲೇ ಗ್ರೈಂಡರಿನ ಪ್ಲಗ್ಗು ಕಿತ್ತು ನೆಲದಲ್ಲಿ ಬಿದ್ದದ್ದನ್ನು ಕಂಡ. ಹೆಂಡತಿಯ ಮುಖವನ್ನೂ ಕಂಡ.

“ಚೇಂಬರು ಇದರ ಅಡಿಯಲ್ಲಿ ಉಂಟಾ?” ಎಂದಳು ವಾರಿಜಾ.

ಅವನು ಚಪ್ಪಲಿ ಬಿಟ್ಟ, ಕೈಕಾಲು ತೊಳೆದುಕೊಂಡ, ಟವೆಲಿನಲ್ಲಿ ಬಹಳ ಹೊತ್ತು ಮುಖ ಒರೆಸಿದ.

“ಆಗ ಪ್ಲಂಬರು ಹೇಳಿದ, ಏನಾಗುವುದಿಲ್ಲ ಅಂತ. ಮೇಲಿನ ಪೈಪನ್ನು ಪೂರ್ವದಿಂದ ಸುತ್ತು ಹಾಕಿಸಿ ಕೊಡ್ತೇನೆ ಅಂದ. ಚೇಂಬರನ್ನು ಮುಚ್ಚಿ ಟೈಲ್ಸ್ ಹಾಕಿದ. ಎರಡು ಆದಿತ್ಯವಾರದ ಕೆಲಸ. ಬಸವಂತಪ್ಪನವರು ಆಗ ಕಮಿಟಿಗೆ ಹೊಸಬರು. ಅವರೂ ಬಾಲ್ಕನಿ ಮುಚ್ಚಿಸ್ತಾ ಇದ್ದರು. ನೀವು ನಮ್ಮದು ನೋಡಬೇಡಿ, ನಾವು ನಿಮ್ಮದು ನೋಡುವುದಿಲ್ಲ ಅಂತ ಆಯಿತು.”

“ನಕ್ಷೆ ತಂದ ದಿವಸ ಹೇಳಬಹುದಿತ್ತಲ್ಲ.”

“ಬಾಯಿ ಬರಲಿಲ್ಲ ಮಾರಾಯ್ತಿ. ಇಪ್ಪತ್ತು ವರ್ಷ ನೀನು ಊರವರಿಗೆಲ್ಲ ಈ ಅಡುಗೆಮನೆ ತೋರಿಸಿದ್ದಿ.”

“ಅದಕ್ಕೆ ಗೂಟ ಸರಿಸಿದ್ದಾ?”

ಚೆನ್ನಯ ಟವೆಲನ್ನು ಹೆಗಲಿಗೆ ಹಾಕಿದ. “ಟ್ರೇನಿಗೆ ಹೋಗುವಾಗ. ಒಂದೂವರೆ ಅಡಿ ಆಚೆಯಾದರೆ ಪೈಪಿಗೆ ತಾಗುವುದಿಲ್ಲ ಅಂತ ಲೆಕ್ಕ. ಹೋಟೆಲಿನ ಟೇಬಲ್ಲು ಜೋಡಿಸಿ ಅಭ್ಯಾಸ ಉಂಟಲ್ಲ, ಸೊಟ್ಟ ಆಗಲಿಲ್ಲ.”

ನಗಬೇಕೆಂದು ಹೇಳಿದ್ದೋ ಏನೋ. ಅವಳು ನಗಲಿಲ್ಲ. ಮೂರು ದಿನ ಅವಳು ಮೇಲಿನ ಕಿಟಕಿ ಕಾದಿದ್ದಳು. ಮನೆಯಿಂದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಿತ್ತಲ ಬಾಗಿಲಿನಲ್ಲೇ ಹೊರಗೆ ಹೋಗುವವನು ಯಾರು ಎಂದು ಒಮ್ಮೆಯೂ ಬರೆದುಕೊಂಡಿರಲಿಲ್ಲ.

“ಈಗ ಒಂದು ಕೆಲಸ ಮಾಡುವ,” ಎಂದ ಚೆನ್ನಯ, ದನಿ ತಗ್ಗಿಸಿ. “ಪಾಯ ಮುಚ್ಚಿಸಿ ಪಶ್ಚಿಮಕ್ಕೆ ತೋಡಿಸು. ಅಲ್ಲಿ ಹಳೇ ಲೈನು ಒಣಗಿದೆ. ಸೋರುವ ಕಡೆ ಸಿಮೆಂಟು ಹಾಕಿದರಾಯಿತು. ಮೂವತ್ತರೊಳಗೆ ಶೆಡ್ಡು ನಿಲ್ತದೆ. ಯಾರಿಗೂ ಗೊತ್ತಾಗುವುದಿಲ್ಲ.”

“ನನಗೆ ಗೊತ್ತಾಯಿತಲ್ಲ. ಇಷ್ಟು ವರ್ಷ ಗಟರಿನ ಮೇಲೆ ಕೂತು ಹಿಟ್ಟು ರುಬ್ಬಿದೆ. ಇದರ ಅಡಿಯ ಮಣ್ಣು ಎಷ್ಟು ನೆನೆದಿದೆಯೋ ಯಾರಿಗೆ ಗೊತ್ತು? ಗ್ರೈಂಡರು ಅದುರುತ್ತದೆ ಅಂತ ನೋಟೀಸು ಬಂತು. ಅದುರಿದ್ದು ಗ್ರೈಂಡರೋ ನೆಲವೋ?”

ಚೆನ್ನಯ ಬಗ್ಗಿ ನೆಲದ ಪ್ಲಗ್ಗನ್ನು ಎತ್ತಿ ಗ್ರೈಂಡರಿನ ಮೇಲಿಟ್ಟ.

ಅಂದು ಸಂಜೆಯೇ ಅವಳು ಯಕ್ಷಿತಾಳ ಕೈಯಲ್ಲಿ ಗಿರಾಕಿಗಳ ವಾಟ್ಸ್ಯಾಪ್ ಗುಂಪಿಗೆ ಬರೆಸಿದಳು: ನಾಳೆಯಿಂದ ಹಿಟ್ಟು ಇಲ್ಲ.

“ರೀಸನ್ ಎಂತ ಹಾಕ್ಲಿ? ಮಷೀನ್ ರಿಪೇರಿ?”

“ಅಡುಗೆಮನೆಯ ಅಡಿಯಲ್ಲಿ ಗಟರ್ ಲೈನು ಸೋರ್ತಾ ಇದೆ, ಸರಿಯಾಗುವ ತನಕ ಇಲ್ಲ ಅಂತ ಹಾಕು.”

“ಅಮ್ಮಾ, ಸೀರಿಯಸ್ಲಿ? ಫಿರ್ ಕೋಯಿ ವಾಪಸ್ ನಹೀ ಆಯೇಗಾ. ಒಬ್ಬ ಗಿರಾಕಿಯೂ ಬರಲ್ಲ.”

“ತಿಂದವರು ಅವರು. ಹಾಕು.”

ಒಂದು ತಾಸಿನಲ್ಲಿ ಹನ್ನೊಂದು ಜನ ಗುಂಪು ಬಿಟ್ಟರು. ಯಕ್ಷಿತಾ ಎಣಿಸಿ ಹೇಳಿದಳು, ವಾರಿಜಾ ಬರೆದುಕೊಂಡಳು.

ಊಟವಾದ ಮೇಲೆ ಸೊಸೈಟಿಗೆ ಪತ್ರ ಬರೆಯಲು ಕೂತಳು. ಹಾಳೆಯ ಕೆಳಗೆ ಕಾರ್ಬನ್ ಇಟ್ಟು ಬರೆದಳು. ಮೊದಲು ಲೈನು ಈಗ ಇರುವ ದಾರಿಯ ಚಿತ್ರ, ಅಳತೆಗಳ ಸಮೇತ. ಆಮೇಲೆ ಸ್ನಾನದ ಸಮಯ, ನೀರು ಬಂದ ಸಮಯ. ಕೊನೆಗೆ: ಅಡುಗೆಮನೆಯ ಹೆಚ್ಚುವರಿ ನಾಲ್ಕಡಿಯನ್ನು ಸ್ವಂತ ಖರ್ಚಿನಲ್ಲಿ ತೆಗೆಸಿ, ಚೇಂಬರು ತೆರೆದು, ಲೈನನ್ನು ಹಳೆಯ ದಾರಿಗೆ ತರುತ್ತೇವೆ. ಆ ಕೆಲಸ ಮುಗಿಯುವ ತನಕ ಗ್ರೈಂಡರು ನಡೆಯುವುದಿಲ್ಲ. ಶೆಡ್ಡಿನ ಒಪ್ಪಿಗೆಯನ್ನು ಮೂವತ್ತರ ಆಚೆ ಎರಡು ತಿಂಗಳು ಮುಂದುವರಿಸಬೇಕು. ಯಾರು ಮಾಡಿಸಿದರು ಎಂದು ಬರೆಯಲಿಲ್ಲ. ಯಾವ ವರ್ಷ ಎಂದು ಬರೆದಳು.

ಫ್ಲ್ಯಾಟು ಚೆನ್ನಯನ ಹೆಸರಿನಲ್ಲಿತ್ತು. ಅವನ ಸಹಿ ಇಲ್ಲದೆ ಆ ಪತ್ರ ಬರೀ ಕಾಗದ.

ಅವನು ಪತ್ರವನ್ನು ಓದಲಿಲ್ಲ. ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. “ನಾಳೆ ಟ್ರೇನಿನಲ್ಲಿ ಓದ್ತೇನೆ. ಕನ್ನಡಕ ಚೀಲದಲ್ಲಿ ಉಂಟು.”

ಬೆಳಿಗ್ಗೆ ಅವನು ಹಿತ್ತಲ ಬಾಗಿಲಿನಿಂದ ಹೋಗಲಿಲ್ಲ, ಮುಂಬಾಗಿಲಿನಿಂದ ಹೋದ. ವಾರಿಜಾ ಎದ್ದು ಅವನ ಹಾಸಿಗೆಯ ದಿಂಬಿನ ಕೆಳಗೆ ನೋಡಿದಳು, ಕಸದ ಬುಟ್ಟಿಯಲ್ಲಿ ನೋಡಿದಳು, ಒಲೆಯ ಕಟ್ಟೆಯ ಮೇಲೆ ನೋಡಿದಳು. ಪತ್ರ ಇರಲಿಲ್ಲ. ಒಂಬತ್ತಕ್ಕೆ ಫೋನು ಮಾಡಿದಳು, ಎತ್ತಲಿಲ್ಲ. ಹತ್ತಕ್ಕೆ ಮಾಡಿದಳು, ಎತ್ತಲಿಲ್ಲ. ಫೋರ್ಟಿನ ಹೋಟೆಲಿನಲ್ಲಿ ಅದು ಗದ್ದಲದ ಹೊತ್ತು, ಅದು ಅವಳಿಗೆ ಗೊತ್ತಿತ್ತು. ಆದರೂ ಎಲ್ಲೋ ದಾದರಿನ ಆಚೆ ಲೋಕಲಿನ ಬಾಗಿಲಿನಿಂದ ಒಂದು ಕಾಗದ ಹಾರಿಹೋಗುತ್ತಿರುವುದು ಕಣ್ಣಿಗೆ ಬರುತ್ತಿತ್ತು. ಒಮ್ಮೆ ಸುಳ್ಳು ಕಂಡ ಕಣ್ಣಿಗೆ ಸುಳ್ಳಲ್ಲದ್ದನ್ನು ನಂಬುವುದಕ್ಕೆ ಎಷ್ಟು ದಿನ ಬೇಕೋ ಅವಳ ಯಾವ ಪುಸ್ತಕದಲ್ಲೂ ಇರಲಿಲ್ಲ. ಗ್ರೈಂಡರನ್ನು ಒಬ್ಬಳೇ ತಳ್ಳಿ ಹಾಲಿಗೆ ತಂದಳು. ಮೇಲೆ ಸೋನಾಲಿಯ ಸ್ನಾನದ ನೀರು ಧುಮುಕಿತು. ಏಳು ನಿಮಿಷ.

ಹನ್ನೊಂದೂವರೆಗೆ ಬಸವಂತಪ್ಪ ಬಾಗಿಲು ತಟ್ಟಿದ. ಕೈಯಲ್ಲಿ ಆ ಪತ್ರ ಇತ್ತು.

“ಮುಂಜಾನೆ ಐದಕ್ಕ ಬಾಗಿಲ ಸಂದ್ಯಾಗ ಹಾಕಿ ಹೋಗ್ಯಾರ್ರಿ ನಿಮ್ಮವರು,” ಎಂದ. “ನೋಡ್ರಿಲ್ಲಿ.”

ಚೆನ್ನಯ ಸಹಿ ಮಾಡಿದ್ದ. ಸಹಿಯ ಮೇಲೆ, ಹೋಟೆಲಿನ ಬಿಲ್ಲು ಬರೆದು ರೂಢಿಯಾದ ಓರೆ ಅಕ್ಷರಗಳಲ್ಲಿ ಒಂದು ಸಾಲು ಸೇರಿಸಿದ್ದ. ‘ಈ ಕೆಲಸ ಮಾಡಿಸಿದ್ದು ನಾನು. ನನ್ನ ಹೆಂಡತಿ ಆಗ ಊರಲ್ಲಿದ್ದಳು, ಅವಳಿಗೆ ಗೊತ್ತಿರಲಿಲ್ಲ.’

ವಾರಿಜಾ ಅದನ್ನು ಎರಡು ಸಲ ಓದಿದಳು.

“ಬಾಯಾರ, ಇದನ್ನ ವಾಪಸ್ ತಗೋರಿ,” ಎಂದ ಬಸವಂತಪ್ಪ. “ಇದು ರೆಕಾರ್ಡಿಗೆ ಹೋತಂದ್ರ ನಾಳೆ ಯಾರರ ಒಬ್ರು ನನ್ನ ಬಾಲ್ಕನಿ ತೆಗೀತಾರ. ಗ್ರೈಂಡರು ನಡಸ್ರಿ, ನಾ ನೋಟೀಸು ಹಿಂದ ತಗೋತೀನಿ. ಮನಿಯೊಳಗಽ ಇರ್ಲಿ. ನಿಮ್ಮ ಮನೀನೂ ಉಳೀತದ, ನಂದೂ ಉಳೀತದ.”

ವಾರಿಜಾ ಹಿಂತಿರುಗಿ ನೋಡಿದಳು. ಒಂದು ವಾರ ಯಾವ ಗ್ರೈಂಡರಿಗಾಗಿ ನಿದ್ದೆಗೆಟ್ಟಿದ್ದಳೋ ಅದು ಹಾಲಿನ ನಡುವೆ ನಿಂತಿತ್ತು. ಹೂಂ ಎಂದರೆ ಸಂಜೆಗೆ ಉದ್ದು ನೆನೆಹಾಕಬಹುದು.

“ನಿಮ್ಮ ಮೊಮ್ಮಗು ವರ್ಷದೊಳಗೆ ಇಡ್ಲಿ ತಿನ್ತದೆ,” ಎಂದಳು ಕೊನೆಗೆ. “ನನ್ನ ಹಿಟ್ಟಿನದೇ ತಿನ್ನಬೇಕಲ್ಲ.”

ಒಳಗೆ ಹೋಗಿ ಕಾರ್ಬನ್ ಪ್ರತಿ ತಂದಳು, ಪೆನ್ನೂ ತಂದಳು. ಎರಡನ್ನೂ ಅವನ ಮುಂದೆ ಹಿಡಿದಳು.

“ಇದರ ಮೇಲೆ ರಿಸೀವ್ಡ್ ಅಂತ ಬರೆದು ಸಹಿ ಮಾಡಿ ಕೊಡಿ. ಮೂಲ ನಿಮ್ಮ ಫೈಲಿಗೆ.”

“ನಂಬಿಕಿ ಇಲ್ಲೇನ್ರಿ ನನ್ಮ್ಯಾಲ?”

“ಯಾರ ಮೇಲೂ ಇಲ್ಲ ಈಗ. ಬರೀರಿ.”

ಬಸವಂತಪ್ಪ ಬಾಗಿಲ ಚೌಕಟ್ಟಿಗೆ ಕಾಗದ ಒತ್ತಿ ಹಿಡಿದು ಬರೆದ. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಬರೆದ ದುಂಡಗಿನ ಸಹಿ. ಪ್ರತಿಯನ್ನೂ ಪೆನ್ನನ್ನೂ ಕೊಟ್ಟು, ಮೂಲವನ್ನು ಮಡಚಿಕೊಂಡು ಮೆಟ್ಟಿಲು ಹತ್ತಿದ.

ವಾರಿಜಾ ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಸಹಿ ಇತ್ತು, ರಿಸೀವ್ಡ್ ಎಂದೂ ಇತ್ತು. ತಾರೀಕು ಇರಲಿಲ್ಲ.

ಪೆನ್ನು ಕೈಯಲ್ಲೇ ಇತ್ತು. ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಅವಳೂ ಮೆಟ್ಟಿಲು ಹತ್ತಿದಳು.